ಜಗಲಿಯಲ್ಲಿ ಕಡ್ಡಿ ಪೂರ್ತಿ, ಹಿಂದಿನ ಕೋಣೆಯಲ್ಲಿ ಸೊನ್ನೆ: ಮನೆಯ ಒಂದು ಮೂಲೆಗೆ ವೈಫೈ ಬರದಿದ್ದಾಗ ದೋಷ ಹುಡುಕುವ ಬಗೆ

ಮೃಗಶಿರಾ ಮಳೆ ಹಿಡಿದ ನಾಲ್ಕನೇ ದಿನ ನನ್ನ ತಮ್ಮ ಮನೆಯ ಹಿಂದಿನ ಕೋಣೆಯಿಂದ ಲ್ಯಾಪ್‌ಟಾಪ್ ಎತ್ತಿಕೊಂಡು ಬಂದು ಜಗಲಿಯಲ್ಲಿ ಕೂತ. ಬೆಂಗಳೂರಿನ ಆಫೀಸಿನವರ ಜೊತೆ ಮೀಟಿಂಗ್ ನಡೆಯುತ್ತಿತ್ತು. ಇವನಿಗೆ ಅವರ ಮಾತು ಕೇಳುತ್ತಿತ್ತು, ಅವರಿಗೆ ಇವನ ಮಾತು ತುಂಡು ತುಂಡಾಗಿ ಹೋಗುತ್ತಿತ್ತು. ಪಕ್ಕದಲ್ಲಿ ಅಪ್ಪ ಕವಳದ ತಟ್ಟೆ ಎಳೆದುಕೊಂಡು ಕೂತು ಅಡಿಕೆ ದರದ ಬಗ್ಗೆ ಯಾರ ಜೊತೆಗೋ ಫೋನಿನಲ್ಲಿ ದೊಡ್ಡ ದನಿಯಲ್ಲಿ ಮಾತಾಡುತ್ತಿದ್ದರು. ಮೀಟಿಂಗಿನವರಿಗೆ ಅದು ಮಾತ್ರ ಸ್ಪಷ್ಟವಾಗಿ ಕೇಳಿತಂತೆ.

"ಒಳಗೆ ನೆಟ್ ಬತ್ತಿಲ್ಲೆ ಮಾರಾಯಾ. ಬೇಸಿಗೇಲಿ ಸರಿ ಇತ್ತು," ಎಂದ ತಮ್ಮ.

ದೋಷ ಹುಡುಕಲು ಬೇಕಾದ ಮುಖ್ಯ ಸುಳಿವು ಆ ಎರಡನೇ ವಾಕ್ಯದಲ್ಲೇ ಇತ್ತು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವತ್ತೇ ರಾತ್ರಿ ಆನ್‌ಲೈನಿನಲ್ಲಿ ಒಂದು ರಿಪೀಟರ್, ಅಂದರೆ ವೈಫೈ ಸಿಗ್ನಲ್ ಹಿಡಿದು ಮತ್ತೆ ಹರಡುವ ಡಬ್ಬಿ, ಆರ್ಡರ್ ಮಾಡಿದೆ. ಹಗಲು ತೋಟ, ಸಂಜೆ ಮೇಲೆ ಊರವರ ರೂಟರ್ ನೋಡಿಕೊಡುವುದು ನನ್ನ ಕೆಲಸ. ಹಾಗಿದ್ದೂ ನಮ್ಮ ಮನೆಯ ವಿಷಯ ಬಂದಾಗ ಅಳೆಯುವ ಮೊದಲೇ ಸಾಮಾನು ತರಿಸಿದ್ದೆ. ಈಗ ಯಾರಾದರೂ "ಯಾವ ರಿಪೀಟರ್ ತಗೊಳ್ಳಲಿ?" ಎಂದು ಕೇಳಿದರೆ ಮೊದಲು ಈ ಕಥೆ ಹೇಳುತ್ತೇನೆ.

ತಪ್ಪು ಲೈನಿನದೋ ವೈಫೈಯದೋ

ಇದನ್ನು ತೀರ್ಮಾನಿಸದೆ ಮುಂದೆ ಹೋಗಬೇಡಿ. "ನೆಟ್ ಇಲ್ಲ" ಎನ್ನುವ ಒಂದೇ ಮಾತಿನೊಳಗೆ ಎರಡು ಬೇರೆ ಬೇರೆ ರೋಗಗಳಿರುತ್ತವೆ. ಒಂದು, ಮನೆಯವರೆಗೆ ಬರುವ ಫೈಬರಿನದು. ಇನ್ನೊಂದು, ರೂಟರಿನಿಂದ ನಿಮ್ಮ ಫೋನಿನವರೆಗಿನ ಗಾಳಿಯದು.

ಫೈಬರ್ ಡಬ್ಬಿಯ ಮೇಲೆ ಕೆಂಪು ದೀಪ ಮಿಣುಕುತ್ತಿದ್ದರೆ ಇದನ್ನು ಓದುವುದು ನಿಲ್ಲಿಸಿ ಲೈನಿನವರಿಗೆ ಫೋನ್ ಮಾಡಿ. ಎಲ್ಲೋ ಮರದ ಟೊಂಗೆ ಬಿದ್ದಿದೆ, ಅಷ್ಟೇ. ದೀಪ ಹಸಿರಾಗಿದ್ದರೆ ರೂಟರಿನ ಪಕ್ಕದಲ್ಲಿ ನಿಂತು ಸ್ಪೀಡ್ ಟೆಸ್ಟ್ ಮಾಡಿ. 100 ಎಂಬಿಪಿಎಸ್ ಪ್ಲ್ಯಾನಿಗೆ ಅಲ್ಲಿ 90ರ ಆಸುಪಾಸು ಬಂದರೆ ಲೈನು ಸರಿಯಿದೆ. ಡೌನ್‌ಲೋಡ್ ಕಿಟಕಿಯಲ್ಲಿ 11 ಎಂದು ಕಾಣಿಸಿದರೆ ಗಾಬರಿ ಬೇಡ. ಅದು ಮೆಗಾಬೈಟ್ ಲೆಕ್ಕ, ಪ್ಲ್ಯಾನಿನದು ಮೆಗಾಬಿಟ್ ಲೆಕ್ಕ, ಎಂಟರಿಂದ ಗುಣಿಸಿ ನೋಡಿ.

ಆಮೇಲೆ ಬಾರದ ಕೋಣೆಗೆ ಹೋಗಿ ಲ್ಯಾಪ್‌ಟಾಪಿನಲ್ಲಿ ರೂಟರಿಗೆ ಪಿಂಗ್, ಅಂದರೆ ಹೋಗಿ ತಿರುಗಿ ಬರುವ ಒಂದು ಸಣ್ಣ ಸಂದೇಶ, ಕಳಿಸಿ. ಹೆಚ್ಚಿನ ರೂಟರುಗಳ ವಿಳಾಸ 192.168.1.1 ಅಥವಾ 192.168.0.1. ಈ ಪಿಂಗ್ ಹೊರಗಿನ ಇಂಟರ್ನೆಟ್ಟಿಗೆ ಹೋಗುವುದೇ ಇಲ್ಲ, ಮನೆಯೊಳಗೇ ತಿರುಗಿ ಬರುತ್ತದೆ. ಎರಡರಿಂದ ಐದು ಮಿಲಿಸೆಕೆಂಡಿನಲ್ಲಿ ತಪ್ಪದೆ ಬರುತ್ತಿದ್ದರೆ ವೈಫೈ ಚೆನ್ನಾಗಿದೆ, ತಪ್ಪು ಬೇರೆ ಕಡೆ. ತಮ್ಮನ ಮೇಜಿನಿಂದ ನಾನು ಕಳಿಸಿದ ಐವತ್ತು ಪಿಂಗ್‌ಗಳಲ್ಲಿ ಒಂಬತ್ತು ತಿರುಗಿ ಬರಲೇ ಇಲ್ಲ. ಬಂದವುಗಳಲ್ಲಿ ಕೆಲವು 300 ಮಿಲಿಸೆಕೆಂಡ್ ದಾಟಿದ್ದವು. ಹಾಗಾಗಿ ಲೈನಿನವರನ್ನು ಬೈಯುವ ಹಾಗಿರಲಿಲ್ಲ.

ಅವನ ಮಾತು ಮೊದಲು ಕಡಿದದ್ದಕ್ಕೂ ಕಾರಣವಿದೆ. ಫೋನಿನಲ್ಲಿ ಕಾಣುವ ಕಡ್ಡಿಗಳು ರೂಟರ್ ಕೂಗಿದ್ದು ನಮಗೆ ಎಷ್ಟು ಕೇಳುತ್ತಿದೆ ಎಂದು ಮಾತ್ರ ಹೇಳುತ್ತವೆ. ನಾವು ಕೂಗಿದ್ದು ರೂಟರಿಗೆ ಎಷ್ಟು ಕೇಳುತ್ತಿದೆ ಎನ್ನುವುದು ಅಲ್ಲಿ ಕಾಣುವುದಿಲ್ಲ. ಫೋನು, ಲ್ಯಾಪ್‌ಟಾಪುಗಳ ದನಿ ಸಾಮಾನ್ಯವಾಗಿ ರೂಟರಿಗಿಂತ ಸಣ್ಣದು. ನಿಮಗೆ ಎಲ್ಲರೂ ಕೇಳಿಸಿ, ನೀವು ಯಾರಿಗೂ ಕೇಳಿಸದಿದ್ದರೆ ಸಿಗ್ನಲ್ ಅಂಚಿನಲ್ಲಿದೆ ಎಂದು ತಿಳಿಯಿರಿ.

ಕಡ್ಡಿ ಬಿಟ್ಟು ಅಂಕಿ ನೋಡಿ

ಆಂಡ್ರಾಯ್ಡ್ ಫೋನಿಗೆ ವೈಫೈ ಅನಲೈಸರ್ ಎನ್ನುವ ಜಾತಿಯ ಪುಕ್ಕಟೆ ಆಪ್‌ಗಳು ಹತ್ತಾರು ಇವೆ. ಮ್ಯಾಕ್ ಇದ್ದವರು ಆಪ್ಶನ್ ಕೀಲಿ ಒತ್ತಿಕೊಂಡು ಮೇಲಿನ ವೈಫೈ ಗುರುತನ್ನು ಕ್ಲಿಕ್ ಮಾಡಿದರೆ ಸಾಕು. ಬೇಕಾದ್ದು ಸಿಗ್ನಲ್ಲಿನ ಶಕ್ತಿ ಹೇಳುವ ಡಿಬಿಎಂ ಎನ್ನುವ ಒಂದು ಅಂಕಿ. ಇದು ಯಾವಾಗಲೂ ಮೈನಸ್ಸಿನಲ್ಲೇ ಇರುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ರೂಟರಿನ ಮಗ್ಗುಲಲ್ಲಿ -30ರ ಹತ್ತಿರ. -67ರ ತನಕ ವಿಡಿಯೋ ಕಾಲಿಗೆ ತೊಂದರೆಯಿಲ್ಲ. -70 ದಾಟಿದರೆ ಏದುಸಿರು. -80 ಆದಮೇಲೆ ವೈಫೈ ಹೆಸರು ಕಾಣುತ್ತದೆ, ಕೆಲಸ ಆಗುವುದಿಲ್ಲ.

ಈ ಅಂಕಿ ಸಾದಾ ಕೂಡುಕಳೆಯದ್ದಲ್ಲ. 3 ಇಳಿದರೆ ಶಕ್ತಿ ಅರ್ಧ, 10 ಇಳಿದರೆ ಹತ್ತರಲ್ಲಿ ಒಂದು ಪಾಲು, 20 ಇಳಿದರೆ ನೂರರಲ್ಲಿ ಒಂದು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ 6 ಇಳಿಯುತ್ತದೆ. ಎರಡು ಹೆಜ್ಜೆ ನಡೆದದ್ದಕ್ಕೆ 12 ಇಳಿದರೆ ಅದು ದೂರದ ಕೆಲಸ ಅಲ್ಲ. ನಡುವೆ ಏನೋ ಇದೆ, ಅದನ್ನು ಹುಡುಕಬೇಕು.

ಅಳೆಯುವಾಗ ಸ್ವಲ್ಪ ತಾಳ್ಮೆ ಬೇಕು. ರೂಟರ್ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಜ್ ಎಂಬ ಎರಡು ಬ್ಯಾಂಡಿನ ಅಲೆಗಳಲ್ಲಿ ಕೂಗುತ್ತದೆ. 2.4 ಗಿಗಾಹರ್ಟ್ಜ್ ಅಲೆಯ ಉದ್ದ 12 ಸೆಂಟಿಮೀಟರಿನಷ್ಟು, ಅಂದರೆ ಸುಮಾರು ಅರ್ಧ ಗೇಣು. ಗೋಡೆಗೆ ಬಡಿದು ಬಂದ ಅಲೆ ನೇರ ಬಂದ ಅಲೆಗೆ ಸೇರಿ ಒಂದು ಕಡೆ ಗಟ್ಟಿಯಾಗುತ್ತದೆ, ಗೇಣು ಪಕ್ಕದಲ್ಲಿ ಸೊರಗುತ್ತದೆ. ಒಂದೇ ಜಾಗದಲ್ಲಿ ಒಮ್ಮೆ ನೋಡಿ ನಂಬಬಾರದು. ಅಲ್ಲೇ ಮೂರು ಕಡೆ ಹಿಡಿದು ನಡುವಿನ ಅಂಕಿ ತೆಗೆದುಕೊಳ್ಳಿ. ನಿಮ್ಮ ಮೈಯೂ ಅಡ್ಡ ಬರುತ್ತದೆ, ಆದ್ದರಿಂದ ರೂಟರಿಗೆ ಬೆನ್ನು ಹಾಕಿ ನಿಲ್ಲಬೇಡಿ. ಆಂಡ್ರಾಯ್ಡ್ 9ರಿಂದ ಈಚೆಗೆ ಒಂದು ಆಪ್ ಎರಡು ನಿಮಿಷಕ್ಕೆ ನಾಲ್ಕೇ ಬಾರಿ ಸುತ್ತಲಿನ ವೈಫೈ ಹುಡುಕಬಹುದು. ನಡೆಯುತ್ತಾ ನೋಡಿದರೆ ಬಿಟ್ಟು ಬಂದ ಕೋಣೆಯ ಅಂಕಿಯೇ ಹೊಸ ಕೋಣೆಯಲ್ಲೂ ಕಾಣುತ್ತಿರುತ್ತದೆ. ಪ್ರತಿ ಜಾಗದಲ್ಲಿ ಅರ್ಧ ನಿಮಿಷ ನಿಲ್ಲಿ.

ನಾನು ಅಮ್ಮನ ರಂಗೋಲಿ ಡಬ್ಬಿಯಿಂದ ಸೀಮೆಸುಣ್ಣ ತೆಗೆದು ನಿಂತ ಜಾಗದಲ್ಲೆಲ್ಲ ಅಂಕಿ ಬರೆಯುತ್ತಾ ಹೋದೆ. ಜಗಲಿಯಲ್ಲಿ -38. ಪ್ರಧಾನ ಬಾಗಿಲು ದಾಟಿ ನಡುಮನೆಯಲ್ಲಿ -52. ಅಡುಗೆಮನೆಯ ಹೊಸಿಲ ಮೇಲೆ -63. ಬಚ್ಚಲಿಗೆ ಹೋಗುವ ಓಣಿಯಲ್ಲಿ -74. ತಮ್ಮನ ಮೇಜಿನ ಮೇಲೆ -79. ಇದು 2.4ರ ಲೆಕ್ಕ. 5 ಗಿಗಾಹರ್ಟ್ಜ್ ಅಡುಗೆಮನೆ ದಾಟುವಷ್ಟರಲ್ಲಿ ಕಾಣೆಯಾಗಿತ್ತು. ಅಮ್ಮ ಬಂದು ನೆಲ ನೋಡಿ, "ಇದೆಂತ ಜಾತಕ?" ಎಂದಳು.

ಮೂರು ಗೋಡೆ, ಒಂದು ಹಂಡೆ

ನಮ್ಮ ಕಡೆಯ ಹಳೇ ಮನೆಗಳು ವೈಫೈ ಹುಟ್ಟುವ ಎಷ್ಟೋ ಮೊದಲು ಕಟ್ಟಿದವು. ಗೋಡೆ ಮುಕ್ಕಾಲು ಅಡಿಗಿಂತ ಕಡಿಮೆಯಿಲ್ಲದ ಚಿರೇಕಲ್ಲಿನದು, ಇನ್ನೂ ಹಳೆಯದಾದರೆ ಒಂದೂವರೆ ಅಡಿಯ ಮಣ್ಣಿನದು. ಬೇಸಿಗೆಗೆ ತಂಪು, ನಿಜ. ಆದರೆ ಚಿರೇಕಲ್ಲು ತೂತು ತೂತಾದ ಕಲ್ಲು, ಮಳೆಗಾಲದಲ್ಲಿ ನೀರು ಹೀರುತ್ತದೆ. ನೆನೆದ ಗೋಡೆ ಒಣ ಗೋಡೆಗಿಂತ ಹೆಚ್ಚು ಸಿಗ್ನಲ್ ನುಂಗುತ್ತದೆ. ಬಚ್ಚಲುಮನೆಯಲ್ಲಿ ಒಲೆಯ ಮೇಲೆ ಕೂತ ತಾಮ್ರದ ಹಂಡೆ, ಅದರ ತುಂಬ ನೀರು. ಲೋಹ ಅಲೆಯನ್ನು ತಿರುಗಿಸಿ ಎಸೆಯುತ್ತದೆ, ತಾಮ್ರದ ಹಂಡೆ ಮಾಡುವುದೂ ಅದನ್ನೇ.

ಗೋಡೆಗಳು ಸಾಲಾಗಿ ತಿಂದದ್ದು ಲೆಕ್ಕಕ್ಕೆ ಸಿಕ್ಕಿತು. ಆದರೆ ಬೇಸಿಗೆಯಲ್ಲೂ ಇವೇ ಗೋಡೆ, ಇದೇ ಹಂಡೆ. ಆಗ ಇದೇ ಮೇಜಿನ ಮೇಲೆ 70 ಎಂಬಿಪಿಎಸ್ ಬರುತ್ತಿತ್ತು. ಗೋಡೆಯ ತೇವವೊಂದರಿಂದಲೇ ಅಷ್ಟೊಂದು ವ್ಯತ್ಯಾಸವಾಗುವುದು ಅನುಮಾನವೆನಿಸಿತು.

"ಮಳೆಗೆ ವೈಫೈ ಬತ್ತಿಲ್ಲೆ" ಎನ್ನುವುದು ನಮ್ಮೂರಿನ ಸಾರ್ವತ್ರಿಕ ನಂಬಿಕೆ. ಇದು ಡಿಶ್ ಟಿವಿಯಿಂದ ಬಂದದ್ದು. ಡಿಶ್ಶಿಗೆ ಬರುವ ಅಲೆ 11, 12 ಗಿಗಾಹರ್ಟ್ಜಿನದು, ಅದೂ ಆಕಾಶದಿಂದ ಇಳಿಯಬೇಕು. ಜಡಿಮಳೆ ಅದನ್ನು ನಿಜಕ್ಕೂ ಅಡಗಿಸುತ್ತದೆ. ಆದರೆ 2.4 ಮತ್ತು 5 ಗಿಗಾಹರ್ಟ್ಜ್ ಅಲೆಗೆ ಅಂಗಳ ದಾಟುವಷ್ಟರಲ್ಲಿ ಸಿಗುವ ಮಳೆಹನಿ ಲೆಕ್ಕಕ್ಕೇ ಇಲ್ಲ. ಮಳೆಯ ಜೊತೆ ಬಂದ ಬೇರೆ ಏನೋ ಅಡ್ಡ ನಿಂತಿರಬೇಕು.

ತಗಡು

ನಮ್ಮ ಮನೆ ಇಂಗ್ಲಿಷಿನ ಎಲ್ (L) ಆಕಾರದಲ್ಲಿದೆ. ಮುಂದೆ ಜಗಲಿ, ಹಿಂದಕ್ಕೆ ಸಾಲಾಗಿ ನಡುಮನೆ, ಅಡುಗೆಮನೆ, ಬಚ್ಚಲು. ಆ ತುದಿಯಲ್ಲಿ ಪಕ್ಕಕ್ಕೆ ಚಾಚಿದ್ದು ತಮ್ಮನ ಕೋಣೆ. ಆ ಎಲ್ ಆಕಾರದ ಎರಡು ತುದಿಗಳ ನಡುವೆ ಒಂದು ಸಣ್ಣ ಅಂಗಳವಿದೆ. ಜಗಲಿಯ ಪಕ್ಕದ ಕಿಟಕಿಗೂ ತಮ್ಮನ ಕೋಣೆಯ ಕಿಟಕಿಗೂ ಅಂಗಳದ ಮೇಲಿಂದ ನೇರ 11 ಮೀಟರ್.

ಮೊದಲೆಲ್ಲ ಮಳೆಗಾಲಕ್ಕೆ ಮುಂಚೆ ಅಂಗಳದ ಕಡೆಗೆ ಎರಚಲು ಬಾರದ ಹಾಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಸೋಗೆ ಹೆಣೆಯುವವರು ಸಿಗುವುದಿಲ್ಲ ಎಂದು ಈ ವರ್ಷ ಅಪ್ಪ ಶಿರಸಿ ಪೇಟೆಯಿಂದ ನೀಲಿ ಬಣ್ಣದ ಕಬ್ಬಿಣದ ತಗಡು ತರಿಸಿ, ಜೂನ್ ಮೊದಲ ವಾರದಲ್ಲಿ ಜಂತಿಯಿಂದ ನೆಲದವರೆಗೆ ಹೊಡೆಸಿದ್ದರು. ಬೇಸಿಗೆಯಲ್ಲಿ ಸಿಗ್ನಲ್ ಗೋಡೆಗಳನ್ನು ತೂರಿಕೊಂಡು ಹಿಂದಿನ ಕೋಣೆಗೆ ಹೋಗುತ್ತಿರಲೇ ಇಲ್ಲ. ಕಿಟಕಿಯಿಂದ ಹೊರಬಿದ್ದು, ಅಂಗಳ ಹಾಯ್ದು, ಇನ್ನೊಂದು ಕಿಟಕಿಯಿಂದ ಒಳಗೆ ಹೋಗುತ್ತಿತ್ತು. ಈಗ ಆ ದಾರಿಗೆ ಕಬ್ಬಿಣದ ಬಾಗಿಲು ಬಿದ್ದಿತ್ತು.

ಊಹೆಯನ್ನು ಪರೀಕ್ಷಿಸದೆ ಬಿಡಬಾರದು. ಮಳೆ ಹೊಳವಾದಾಗ ಕಿಟಕಿಯ ಎದುರಿನ ಒಂದೇ ತಗಡಿನ ನಾಲ್ಕು ಸ್ಕ್ರೂ ಬಿಚ್ಚಿ ಪಕ್ಕಕ್ಕೆ ಸರಿಸಿದೆ. ತಮ್ಮ ಮೇಜಿನ ಹತ್ತಿರ ಫೋನ್ ಹಿಡಿದು ನಿಂತಿದ್ದ. -79 ಇದ್ದದ್ದು -66 ಆಯಿತು. 13 ಡಿಬಿ ಎಂದರೆ ಇಪ್ಪತ್ತು ಪಟ್ಟು ಶಕ್ತಿ. ಕಾಣೆಯಾಗಿದ್ದ 5 ಗಿಗಾಹರ್ಟ್ಜ್ ಕೂಡ -71ಕ್ಕೆ ಬಂದು ನಿಂತಿತು. ತಗಡನ್ನು ವಾಪಸ್ ಜಾಗಕ್ಕೆ ಸರಿಸಿದೆ, ಮತ್ತೆ -79. ಎರಡು ಸಲ ಹೀಗೆ ಆಡಿಸಿ ನೋಡಿದ ಮೇಲೆ ಸಂಶಯ ಉಳಿಯಲಿಲ್ಲ.

ನಿಮ್ಮ ಮನೆಯಲ್ಲಿ ತಗಡೇ ಇರಬೇಕೆಂದಿಲ್ಲ. ಯಾವಾಗಿನಿಂದ ಹಾಳಾಯಿತು, ಆ ಹೊತ್ತಿಗೆ ಮನೆಯಲ್ಲಿ ಏನು ಬದಲಾಯಿತು ಎಂದು ಕೇಳಿಕೊಳ್ಳಿ. ಹೊಸ ಕಬ್ಬಿಣದ ಕಪಾಟು, ಜಾಗ ಬದಲಿಸಿದ ಫ್ರಿಜ್ಜು, ಆಳೆತ್ತರದ ಕನ್ನಡಿ, ನೀರಿನ ಟ್ಯಾಂಕು, ಗೋಡೆಗೆ ಒತ್ತಿ ಪೇರಿಸಿದ ಹಸಿ ಅಡಿಕೆ ಚೀಲ, ಯಾವುದೂ ಆಗಬಹುದು. ಸೊಳ್ಳೆಗೆಂದು ಕಿಟಕಿಗೆ ಹೊಡೆಸಿದ ಅಲ್ಯೂಮಿನಿಯಂ ಜಾಳಿಗೆಯೂ ಇದೇ ಜಾತಿ. ಅದರ ಕಣ್ಣಿನಲ್ಲಿ ಗಾಳಿ ತೂರುತ್ತದೆ, 12 ಸೆಂಟಿಮೀಟರಿನ ಅಲೆ ತೂರುವುದಿಲ್ಲ. ನೈಲಾನ್ ಅಥವಾ ಫೈಬರ್ ಬಲೆಗೆ ಈ ತೊಂದರೆಯಿಲ್ಲ.

ಮಳೆಗಾಲ ನೆತ್ತಿಯ ಮೇಲಿರುವಾಗ ತಗಡು ತೆಗೆಯೋಣ ಎಂದರೆ ಅಪ್ಪ ಒಪ್ಪುತ್ತಾರೆಯೇ? ಕಿಟಕಿಯ ನೇರಕ್ಕೆ ಬರುವ ಎರಡು ತಗಡಿನ ಜಾಗದಲ್ಲಿ ಬೆಳಕು ಬರುವ ಫೈಬರ್ ಶೀಟ್ ಹಾಕೋಣ ಎಂದು ಒಪ್ಪಂದವಾಯಿತು. ರೇಡಿಯೋ ಅಲೆಗೆ ಅದು ಹೆಚ್ಚುಕಡಿಮೆ ಗಾಜಿದ್ದ ಹಾಗೆ. ಅಂಗಳಕ್ಕೆ ಬೆಳಕೂ ಬಂತು, ಹಾಗಾಗಿ ಆ ಖರ್ಚಿಗೆ ಅಮ್ಮನ ಬೆಂಬಲ ಸಿಕ್ಕಿತು.

ರೂಟರ್ ಕೂರಿಸುವ ಜಾಗ

ಫೈಬರ್ ಎಳೆಯಲು ಬಂದ ಹುಡುಗರಿಗೆ ಮಧ್ಯಾಹ್ನದೊಳಗೆ ಇನ್ನೂ ನಾಲ್ಕು ಮನೆ ಮುಗಿಸಬೇಕಿರುತ್ತದೆ. ತಂತಿ ಒಳಗೆ ಬಂದ ಮೊದಲ ಮೊಳೆಗೇ ಡಬ್ಬಿ ನೇತುಹಾಕಿ ಹೋಗುತ್ತಾರೆ. ನಮ್ಮಲ್ಲಿ ಅದು ಮೀಟರ್ ಬೋರ್ಡಿನ ಪಕ್ಕ, ಕಬ್ಬಿಣದ ಕಪಾಟಿನ ಹಿಂದೆ, ಮನೆಯ ಮೂಲೆಯಲ್ಲಿತ್ತು. ಅರ್ಧ ಸಿಗ್ನಲ್ ರಸ್ತೆಯ ಮೇಲೆ ಓಡಾಡುವ ದನಕ್ಕೆ ಹೋಗುತ್ತಿತ್ತು.

ಡಬ್ಬಿಯ ಹಿಂದೆ ಸುತ್ತಿಟ್ಟ ಹೆಚ್ಚುವರಿ ಫೈಬರ್ ಇದ್ದರೆ ಎರಡು ಮೂರು ಮೀಟರ್ ಸರಿಸಬಹುದು. ಕಾಫಿ ಲೋಟದ ಬಾಯಿಗಿಂತ ಚಿಕ್ಕದಾಗಿ ಮಾತ್ರ ಬಗ್ಗಿಸಬೇಡಿ, ಒಳಗಿನ ಗಾಜಿನ ಎಳೆಯಿಂದ ಬೆಳಕು ಸೋರಿಹೋಗುತ್ತದೆ. ನಾನು ಜಗಲಿಯ ಅಂಗಳದ ಬದಿಯ ಕಿಟಕಿಯ ಪಕ್ಕ, ಆಳೆತ್ತರಕ್ಕೆ ಒಂದು ಹಲಗೆ ಹೊಡೆದು ಅಲ್ಲಿಗೆ ಸಾಗಿಸಿದೆ. ಆಗಿನ್ನೂ ತಗಡು ಇತ್ತು, ಆದರೂ ಇಷ್ಟಕ್ಕೇ -79 ಹೋಗಿ -74 ಆಯಿತು.

ಆಂಟೆನಾ ನೆಟ್ಟಗೆ ನಿಂತಾಗ ಅಲೆ ಸುತ್ತಲೂ ಅಡ್ಡಡ್ಡ ಹರಡುತ್ತದೆ, ಉದ್ದಿನವಡೆಯ ಆಕಾರದಲ್ಲಿ. ತುದಿಯ ನೇರಕ್ಕೆ, ಅಂದರೆ ವಡೆಯ ತೂತಿನ ಕಡೆಗೆ, ಹೋಗುವುದು ಕಡಿಮೆ. ಮೆತ್ತಿನ ಮೇಲಿನ ಕೋಣೆಗೆ ಬಾರದೆ ಇದ್ದರೆ ಒಂದು ಆಂಟೆನಾವನ್ನು ಅಡ್ಡ ಮಲಗಿಸಿ ನೋಡಿ. "ಮೇಲಿನ ಕೋಣೆಗೆ ಬರಲಿ" ಎಂದು ಆಂಟೆನಾದ ತುದಿಯನ್ನು ಆ ಕೋಣೆಯ ಕಡೆ ಗುರಿಯಿಡುವವರನ್ನು ನೋಡಿದ್ದೇನೆ. ಅದು ತೂತನ್ನೇ ಆ ಕಡೆಗೆ ತಿರುಗಿಸಿದ ಹಾಗೆ.

ಕಡ್ಡಿ ಇದ್ದೂ ಓಡದಿದ್ದರೆ

ಇದು ಬೇರೆಯದೇ ದೋಷ, ಪೇಟೆಯ ಫ್ಲ್ಯಾಟುಗಳಲ್ಲಿ ಸಾಮಾನ್ಯ. ಕಾರವಾರದ ಕಾಜುಬಾಗದಲ್ಲಿರುವ ಅಕ್ಕನ ಮನೆಯಲ್ಲೂ ಮಲಗುವ ಕೋಣೆಯೊಂದರಲ್ಲೇ ತಕರಾರು. ಭಾವನ ಪ್ರಕಾರ ಕಾರವಾರದಲ್ಲಿ ಏನು ಹಾಳಾದರೂ ನೌಕಾನೆಲೆಯ ರಾಡಾರೇ ಕಾರಣ. ಸಾಮಾನ್ಯ ಹಡಗುಗಳು ದಾರಿ ನೋಡಲು ಬಳಸುವ ರಾಡಾರು 3 ಮತ್ತು 9 ಗಿಗಾಹರ್ಟ್ಜ್ ಆಸುಪಾಸಿನದು, ವೈಫೈ ಇರುವ ಕಡೆಗೆ ಬರುವುದಿಲ್ಲ ಎಂದು ಹೇಳಿದೆ. ಭಾವ ನಂಬಿದ ಹಾಗೆ ಕಾಣಲಿಲ್ಲ.

ಅಳೆದರೆ ಆ ಕೋಣೆಯಲ್ಲಿ -58. ಸಿಗ್ನಲ್ ದಂಡಿಯಾಗಿತ್ತು. ಮಧ್ಯಾಹ್ನ ಚೆನ್ನಾಗಿ ಓಡುತ್ತಿತ್ತು, ರಾತ್ರಿ ಎಂಟರ ಮೇಲೆ ತೆವಳುತ್ತಿತ್ತು. ಅನಲೈಸರ್ ತೆರೆದಾಗ ಅಕ್ಕಪಕ್ಕದ, ಮೇಲೆ ಕೆಳಗಿನ ಮನೆಗಳದ್ದೆಲ್ಲ ಸೇರಿ 19 ವೈಫೈ ಕಂಡವು. ಎಲ್ಲವೂ 2.4ರಲ್ಲೇ ಒತ್ತೊತ್ತಾಗಿದ್ದವು. ವೈಫೈಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ಸಂತೆಯ ದಿನ ಮೀನು ಮಾರ್ಕೆಟ್ಟಿನಲ್ಲಿ ಹಾಗೆ ಸರದಿ ಕಾಯುವುದನ್ನು ಕಲ್ಪಿಸಿಕೊಳ್ಳಿ.

2.4ರಲ್ಲಿ 13 ಚಾನೆಲ್ ಇವೆ ಎಂದು ಕಂಡರೂ ಒಂದರ ಮೇಲೊಂದು ಬೀಳದೆ ಇರುವವು 1, 6, 11 ಈ ಮೂರೇ. ಅಕ್ಕನ ರೂಟರ್ 9ರಲ್ಲಿ, ಅದೂ 40 ಮೆಗಾಹರ್ಟ್ಜ್ ಅಗಲಕ್ಕೆ ಕಾಲು ಚಾಚಿ ಕೂತಿತ್ತು. ಅಗಲವನ್ನು 20ಕ್ಕೆ ಇಳಿಸಿ, ಹೆಚ್ಚು ಖಾಲಿ ಕಂಡ 1ಕ್ಕೆ ಹಾಕಿದೆ. ಟಿವಿ ಮತ್ತು ಲ್ಯಾಪ್‌ಟಾಪನ್ನು 5ಕ್ಕೆ ಸಾಗಿಸಿದೆ. ಸ್ಲ್ಯಾಬ್ ದಾಟಲು 5 ಗಿಗಾಹರ್ಟ್ಜಿಗೆ ಕಷ್ಟ, ಫ್ಲ್ಯಾಟಿನಲ್ಲಿ ಅದೇ ವರ, ಏಕೆಂದರೆ ಮೇಲಿನ ಮನೆಯವರದ್ದೂ ಕೆಳಗೆ ಇಳಿಯುವುದಿಲ್ಲ. ಅದರಲ್ಲಿ 36ರಿಂದ 48, ಇಲ್ಲವೇ 149ರಿಂದ 161ರ ಚಾನೆಲ್ ಆರಿಸಿ. ನಡುವಿನವುಗಳಲ್ಲಿ ರೂಟರಿಗೆ ರಾಡಾರ್ ಸುಳಿವು ಸಿಕ್ಕರೆ ಜಾಗ ಬಿಟ್ಟು ಹೋಗಲೇಬೇಕು ಎಂಬ ನಿಯಮವಿದೆ. ಇದನ್ನು ಮಾತ್ರ ಭಾವನಿಗೆ ಹೇಳಲಿಲ್ಲ.

ಕೋಣೆಯ ಮೈಕ್ರೋವೇವ್ ಒಲೆ, ಬ್ಲೂಟೂತ್ ಸ್ಪೀಕರು ಎಲ್ಲವೂ 2.4ರ ನೆರೆಯವೇ. ಹಾಲು ಬಿಸಿ ಮಾಡುವಾಗ ಮಾತ್ರ ಕಾಲ್ ಕಡಿದರೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಆ ರಿಪೀಟರ್ ಏನಾಯಿತು

1,500 ರೂಪಾಯಿಯ ಡಬ್ಬಿ ಬಂದ ದಿನ ತಮ್ಮನ ಕೋಣೆಯ ಪ್ಲಗ್ಗಿಗೇ ಸಿಕ್ಕಿಸಿದ್ದೆ. ಫೋನಿನಲ್ಲಿ ಕಡ್ಡಿ ಪೂರ್ತಿ ಬಂದು ಇಬ್ಬರಿಗೂ ಸಂತೋಷವಾಯಿತು. ಸ್ಪೀಡ್ ನೋಡಿದರೆ ಮೂರು ಎಂಬಿಪಿಎಸ್. ರಿಪೀಟರ್ ತನಗೆ ಕೇಳಿದ್ದನ್ನು ಮತ್ತೆ ಹೇಳುತ್ತದೆ, ಕೇಳದ್ದನ್ನು ಹುಟ್ಟಿಸುವುದಿಲ್ಲ. ಅದು ಕೂತ ಜಾಗದಲ್ಲೇ -79 ಇದ್ದರೆ ಆ ಸೊರಗಿದ ಮಾತನ್ನೇ ಗಟ್ಟಿ ದನಿಯಲ್ಲಿ ಹೇಳುತ್ತದೆ. ಫೋನಿನ ಕಡ್ಡಿ ತೋರಿಸುವುದು ರಿಪೀಟರಿನ ದನಿಯನ್ನು, ರೂಟರಿನದ್ದನ್ನಲ್ಲ.

ಹಾಕುವುದಿದ್ದರೆ ನಡುದಾರಿಯಲ್ಲಿ, -60ರ ಆಸುಪಾಸು ಸಿಗುವಲ್ಲಿ ಹಾಕಿ. ಅಲ್ಲೂ ಒಂದೇ ಬ್ಯಾಂಡಿನ ಅಗ್ಗದ ರಿಪೀಟರ್ ಪ್ರತಿ ಪ್ಯಾಕೆಟ್ಟನ್ನು ಒಮ್ಮೆ ಕೇಳಿ ಇನ್ನೊಮ್ಮೆ ಹೇಳಬೇಕು, ಎರಡೂ ಒಂದೇ ಚಾನೆಲ್ಲಿನಲ್ಲಿ. ವೇಗ ಅರ್ಧಕ್ಕೆ ಇಳಿಯುವುದು ಖಂಡಿತ. ನನ್ನದನ್ನು ಅಡುಗೆಮನೆಯ ಹೊಸಿಲಿನ ಹತ್ತಿರ ಇಟ್ಟಾಗ ಸ್ವಲ್ಪ ಸುಧಾರಿಸಿತು. ಆದರೆ ಅಲ್ಲಿದ್ದದ್ದು ಒಂದೇ ಪ್ಲಗ್ಗು, ಅದು ಮಿಕ್ಸಿಯದು. ದೋಸೆ ಹಿಟ್ಟು ರುಬ್ಬುವ ಹೊತ್ತಿಗೆ ಮೀಟಿಂಗ್ ಮುಗಿದಿರಬೇಕಿತ್ತು.

ಕೊನೆಗೆ ತಂತಿ

ಫೈಬರ್ ಶೀಟ್ ಹಾಕಿದ ಮೇಲೆ ಹೊಸ ಜಾಗದ ರೂಟರಿನಿಂದ -64 ಬಂದು ತಮ್ಮನ ಕಾಲ್‌ಗಳು ಸರಿಹೋದವು. ಆದರೂ ನವರಾತ್ರಿ ಹೊತ್ತಿಗೆ ಮನೆ ತುಂಬ ಮಕ್ಕಳು, ಹತ್ತು ಫೋನು. ಅಂಚಿನಲ್ಲಿರುವ ಒಂದು ಫೋನ್ ನಿಧಾನವಾಗಿ ಮಾತಾಡುತ್ತಾ ಎಲ್ಲರ ಸಮಯ ತಿನ್ನುತ್ತದೆ, ಜಗಲಿಯಲ್ಲಿದ್ದವರಿಗೂ ವೇಗ ಬೀಳುತ್ತದೆ. ಕಪಾಟಿನಲ್ಲಿ ಒಂದು ಹಳೇ ರೂಟರ್ ಬಿದ್ದಿತ್ತು. ಹಿಂದಿನ ಕೋಣೆಗೆ ಲ್ಯಾನ್ ತಂತಿ ಎಳೆದು ಅದನ್ನು ಅಲ್ಲಿ ಕೂರಿಸಿದೆ. ಮೊದಲೇ ಮಾಡಬಹುದಿತ್ತು. ಪಕಾಸಿಯ ಮೇಲೆ ಹತ್ತಿ ತೆವಳುವುದಕ್ಕೆ ಹೆದರಿ ಮುಂದೂಡಿದ್ದೆ, ಅಷ್ಟೇ.

ಕ್ಯಾಟ್ 6 ತಂತಿ 100 ಮೀಟರ್ ತನಕ ನಡೆಯುತ್ತದೆ. ನಮಗೆ 22 ಸಾಕಾಯಿತು. ಅಂಗಡಿಯಲ್ಲಿ ಅಗ್ಗದ್ದು ಕೊಟ್ಟರೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಕೆಂಪು ಹೋಗಿ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ, ಎರಡು ಸಲ ಬಗ್ಗಿಸಿದರೆ ಮುರಿಯುತ್ತದೆ. ಅಟ್ಟದಲ್ಲಿ ಇಲಿ ಇದ್ದೇ ಇರುತ್ತದೆ, ನಮ್ಮಲ್ಲಿ ಜೊತೆಗೆ ಒಂದು ಕಬ್ಬೆಕ್ಕಿನ ಸಂಸಾರವೂ ಇದೆ. ಪಿವಿಸಿ ಪೈಪಿನೊಳಗೆ ತೂರಿಸಿಯೇ ಎಳೆಯಿರಿ.

ತುದಿಗೆ ಜಾಕ್ ಒತ್ತುವಾಗ ಬಣ್ಣದ ಸಾಲು, ಜಾಕಿನ ಕೊಕ್ಕೆ ಕೆಳಗಿರುವಂತೆ ಹಿಡಿದು ಎಡದಿಂದ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಒಂದೇ ಸಾಲು. ನಾನು ಒತ್ತಿದ ಮೊದಲ ಜಾಕಿನಲ್ಲಿ ದೀಪ ಹತ್ತಿತು, ನೆಟ್ ಬಂತು, ಆದರೆ ರೂಟರಿನ ಪುಟದಲ್ಲಿ ಲಿಂಕ್ 1000ದ ಬದಲು 100 ಎಂದು ತೋರಿಸಿತು. ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಕಿತ್ತಳೆ ಮತ್ತು ಹಸಿರು ಜೋಡಿ ಸಾಕು. ಕನ್ನಡಕ ಹಾಕಿ ನೋಡಿದರೆ ಕಂದು ಎಳೆ ಜಾಕಿನ ತುದಿ ಮುಟ್ಟಿರಲಿಲ್ಲ, ಅಕ್ಕಿಕಾಳಿನಷ್ಟು ಹಿಂದೆ ನಿಂತಿತ್ತು. ಕತ್ತರಿಸಿ ಮತ್ತೆ ಒತ್ತಿದೆ. ಕರಾವಳಿಯವರು ಇದೇ ಲಕ್ಷಣ ಕಂಡರೆ ಜಾಕಿನ ಹಲ್ಲುಗಳನ್ನೂ ನೋಡಿ. ಅಕ್ಕನ ಮನೆಯ ಬಾಲ್ಕನಿಯ ಜಾಕಿನಲ್ಲಿ ಉಪ್ಪುಗಾಳಿಗೆ ಹಸಿರು ಕಿಲುಬು ಹಿಡಿದಿತ್ತು.

ಜಗಲಿಯ ರೂಟರಿನ ವಿಳಾಸ 192.168.1.1 ಆಗಿದ್ದರೆ, ಹಳೇ ರೂಟರನ್ನು ಸಿಕ್ಕಿಸುವ ಮೊದಲು ಅದರ ವಿಳಾಸವನ್ನು 192.168.1.2 ಮಾಡಿ, ಆಮೇಲೆ ಅದರ ಡಿಎಚ್‌ಸಿಪಿ, ಅಂದರೆ ಪ್ರತಿ ಫೋನಿಗೂ ವಿಳಾಸ ಹಂಚುವ ಕೆಲಸ, ಆಫ್ ಮಾಡಿ. ಈ ಕ್ರಮ ತಪ್ಪಿಸಬೇಡಿ. ಮುಂದಿನ ರೂಟರಿನಿಂದ ಬಂದ ತಂತಿಯನ್ನು ಅದರ ಲ್ಯಾನ್ ತೂತಿಗೆ ಹಾಕಿ, ವ್ಯಾನ್ ತೂತಿಗೆ ಅಲ್ಲ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಒಂದೇ ಪಂಕ್ತಿಗೆ ಇಬ್ಬರು ಬಂದು ಎಲೆ ಹಾಕಿದ ಹಾಗೆ ಆಗುತ್ತದೆ. ಕೆಲವರಿಗೆ ಎರಡು ಎಲೆ, ಕೆಲವರಿಗೆ ಊಟವೇ ಇಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ ಇರಲಿ, ಚಾನೆಲ್ ಮಾತ್ರ ಬೇರೆ, ಒಂದಕ್ಕೆ 1, ಇನ್ನೊಂದಕ್ಕೆ 11. ಫೋನು ಹಿಂದಿನ ಕೋಣೆಗೆ ಹೋದಮೇಲೂ ಜಗಲಿಯ ರೂಟರನ್ನೇ ಅಂಟಿಕೊಂಡಿದ್ದರೆ ಜಗಲಿಯ ರೂಟರಿನ ಶಕ್ತಿಯನ್ನು ಮಧ್ಯಮಕ್ಕೆ ಇಳಿಸಿ. ಆಗ ಅದು ಬಿಡುತ್ತದೆ.

ಮನೆಯಿಂದ ಅಡಿಕೆ ಸುಲಿಯುವ ಶೆಡ್ಡಿಗೆ, ಕೊಟ್ಟಿಗೆಯ ಕ್ಯಾಮೆರಾಕ್ಕೆ ಹೀಗೇ ತಾಮ್ರದ ತಂತಿ ಎಳೆಯಬೇಡಿ. ಏಪ್ರಿಲ್–ಮೇ ತಿಂಗಳ ಗುಡುಗಿನಲ್ಲಿ ಹತ್ತಿರ ಎಲ್ಲೋ ಸಿಡಿಲು ಬಿದ್ದರೆ ಆ ತಂತಿಯ ಎರಡೂ ತುದಿಯ ಸಾಮಾನು ಹೋಗುತ್ತದೆ. ಪಕ್ಕದ ಮನೆಯಲ್ಲಿ ಹಾಗೆ ಒಂದೇ ಸಂಜೆ ರೂಟರ್, ಟಿವಿ, ಕ್ಯಾಮೆರಾ ಡಬ್ಬಿ ಮೂರೂ ಹೋದವು. ಕಟ್ಟಡದಿಂದ ಕಟ್ಟಡಕ್ಕೆ ಲೋಹವಿಲ್ಲದ ಫೈಬರ್ ತಂತಿ, ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ತಂತಿಗೆ ಜೋಡಿಸುವ ಡಬ್ಬಿ) ಹಾಕಿ. ಗಾಜಿನಲ್ಲಿ ಸಿಡಿಲಿನ ಕರೆಂಟು ಹರಿಯುವುದಿಲ್ಲ. ಗುಡುಗು ಶುರುವಾದಾಗ ಪ್ಲಗ್ ಕೀಳುವುದು ಅಮ್ಮನಿಗೆ ಅಭ್ಯಾಸ, ಲ್ಯಾನ್ ತಂತಿಯನ್ನೂ ಕೀಳಲು ಹೇಳಿಕೊಟ್ಟಿದ್ದೇನೆ.

ಕರೆಂಟು ಹೋಗಿ ಇನ್ವರ್ಟರಿಗೆ ಬದಲಾಗುವಾಗ ರೂಟರ್ ಆರಿ ಹತ್ತಿ, ಮತ್ತೆ ನೆಟ್ ಬರಲು ಎರಡು ಮೂರು ನಿಮಿಷ ಬೇಕು. ಇದನ್ನೂ ಎಷ್ಟೋ ಜನ "ವೈಫೈ ವೀಕು" ಎನ್ನುತ್ತಾರೆ. 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟರೆ ಮುಗಿಯಿತು.

ದೀಪಾವಳಿಗೆ ಮುಂಚೆ ತಗಡು ಬಿಚ್ಚಿ ಅಟ್ಟಕ್ಕೆ ಏರಿಸಿದೆವು, ಸೀಮೆಸುಣ್ಣದ ಅಂಕಿಗಳ ಮೇಲೆ ಅಮ್ಮ ಸಗಣಿ ಸಾರಿಸಿಯಾಗಿತ್ತು. ಸಾರಿಸಿದ ನೆಲದ ಮೇಲೆ ಇನ್ನೊಮ್ಮೆ ನಡೆದು ನೋಡಿದೆ. ತಮ್ಮನ ಮೇಜಿನ ಮೇಲೆ -41, ಅಡುಗೆಮನೆಯಲ್ಲಿ -57. ಬಚ್ಚಲುಮನೆಯ ಹಂಡೆಯ ಆಚೆ ಮಾತ್ರ ಈಗಲೂ -76. ಅದನ್ನೂ ಸರಿ ಮಾಡಲೇ ಎಂದು ಕೇಳಿದೆ. ಮೊಮ್ಮಕ್ಕಳು ಸ್ನಾನ ಮುಗಿಸಿ ಹೊರಗೆ ಬರಬೇಕಾದರೆ ಅದು ಹಾಗೇ ಇರಲಿ ಎಂದಳು ಅಮ್ಮ.